ಆಪಾ ಹೊಡೆಯದ ಕಾಯಿ

ಕುಲ್ಸುಮಬಿಯ ಎಡಗೈಯ ಉಂಗುರದ ಬೆರಳಿಗೆ ಕೆಲಸವಿರಲಿಲ್ಲ. ಉಳಿದ ಒಂಬತ್ತು ಬೆರಳು ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದವು. ಅದೊಂದಕ್ಕೆ ಮಾತ್ರ ಹಳೆ ಸೀರೆಯ ಚೂರು ಸುತ್ತಿ, ಮೇಲೆ ದಾರ ಬಿಗಿದುಕೊಂಡು ಅವಳು ಕೆಲಸಕ್ಕೆ ಕೂರುತ್ತಿದ್ದಳು. ವಖಾರದ ಹೆಂಗಸರಿಗೆ ಇದೊಂದು ನಗುವ ವಿಷಯವಾಗಿತ್ತು.

“ಏನ ಬೇ ಕುಲ್ಸುಮವ್ವ, ಆ ಬೆರಳಿಗೆ ಬಾಣಂತನ ನಡದೈತೇನು? ಬೆಚ್ಚಗ ಸುತ್ತಿಟ್ಟೀಯಲ್ಲ!” ಎಂದು ಪಕ್ಕದಲ್ಲಿ ಕೂರುವ ಮುತ್ತವ್ವ ಕೇಳುವಳು.

“ಅದು ಜಾಗೀರದಾರ ಬೆರಳವ್ವ. ದುಡಿಯಂಗಿಲ್ಲ, ಬರೇ ಆಡತೈತಿ.”

“ನಮ್ಮನ್ಯಾಗೂ ಒಬ್ಬಾಂವ ಅದಾನ ಹಂಗ. ಸುತ್ತಿಡಾಕ ಅರಿವಿ ಸಾಲೂದಿಲ್ಲ.”

ಬ್ಯಾಡಗಿ ಮಾರ್ಕೆಟ್ಟಿನ ಹಿಂದಿನ ಸಾಲಿನ ಆ ವಖಾರದಲ್ಲಿ, ಮೆಣಸಿನಕಾಯಿ ಚೀಲ ಒಟ್ಟುವ ಗೋದಾಮಿನಲ್ಲಿ, ಅವಳು ಹತ್ತೊಂಬತ್ತು ವರ್ಷದಿಂದ ಕೂರುತ್ತಿದ್ದಳು. ವಯಸ್ಸು ಐವತ್ತಾರು. ಗಂಡ ಮೆಹಬೂಬ ಅದೇ ಮಾರ್ಕೆಟ್ಟಿನಲ್ಲಿ ಚೀಲ ಹೊಲಿಯುವವನು, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಇದ್ದೊಬ್ಬ ಮಗಳು ದಿಲನಾಜಳನ್ನು ಹಾವೇರಿಗೆ ಕೊಟ್ಟಿದ್ದರು. ಮೆಣಸಿನಕಾಯಿ ಕೆಲಸ ಹೇಗೆಂದರೆ, ಹೊಸಬರು ಬಂದರೆ ಮೊದಲ ವಾರ ಅತ್ತೇ ಅಳುತ್ತಾರೆ, ಹಳಬರು ಹೊಸ ಚೀಲ ಸುರಿದಾಗಷ್ಟೇ ಸೀನುತ್ತಾರೆ. ಸಂಜೆ ಮಜ್ಜಿಗೆಯಲ್ಲಿ ಕೈ ಅದ್ದಿ, ಮೇಲೆ ಕೊಬ್ಬರಿ ಎಣ್ಣೆ ಸವರಿದರೂ ಉರಿ ಬೆರಳಿನೊಳಗೆ ಎಲ್ಲೋ ಕೂತೇ ಇರುತ್ತದೆ. ಕುಲ್ಸುಮಬಿ ಒಮ್ಮೆ ಅದೇ ಕೈಯಲ್ಲಿ ಫೋನು ಮುಟ್ಟಿ, ಆಮೇಲೆ ಅದನ್ನು ಕಿವಿಗೆ ಹಚ್ಚಿ ಮಾತಾಡಿದ್ದಳು. ಅರ್ಧ ಮುಖ ಕಾದ ಹಂಚಿನ ಹಾಗೆ ಉರಿದಿತ್ತು. ಅಂದಿನಿಂದ ಆ ಬೆರಳನ್ನು ಫೋನಿಗೆಂದೇ ಬಿಟ್ಟಿದ್ದಳು.

ಫೋನು ದಿಲನಾಜ ಕೊಟ್ಟದ್ದು. ಎರಡನೆಯ ಹೆರಿಗೆಗೆ ಬಂದವಳು ಹೋಗುವಾಗ ತನ್ನದನ್ನೇ ತಾಯಿಯ ಕೈಗಿಟ್ಟು, ಅದರಲ್ಲಿ ಲೂಡೊ ಆಟ ಹಾಕಿಕೊಟ್ಟಿದ್ದಳು.

“ಅಮ್ಮೀ, ಇದಕ್ಕ ಓದಾಕ ಬರಬೇಕಂತಿಲ್ಲ. ದಾಳ ಬಿದ್ದಷ್ಟು ಕಾಯಿ ನಡಸೂದು. ಚೌಕಾಬಾರಾ ಆಡಿ ಬೆಳದಾಕಿ ನೀ. ಇದು ಅದರ ತಂಗಿ ಅಂತ ತಿಳ್ಕೊ.”

ಕುಲ್ಸುಮಬಿ ಆಟದ ಸಾಮಾನು ಕಂಡು ಬೆಳೆದವಳಲ್ಲ. ಹೊಸರಿತ್ತಿಯ ತವರಿನಲ್ಲಿ ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬಿಳಿ ಮಾಡಿಕೊಂಡರೆ ಅದೇ ದಾಳ. ಒಡೆದ ಬಳೆಚೂರು ಕಾಯಿ. ಜಗಲಿಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರೆ ಅದೇ ಮನೆ, ಅಪ್ಪ ಬಂದು ತುಳಿದರೆ ಅಲ್ಲಿಗೆ ಆಟ ಮುಗಿಯಿತು. ಈಗ ನೋಡಿದರೆ ಅಂಗೈಯಗಲದ ಗಾಜಿನೊಳಗೆ ಎಲ್ಲವೂ ಬೆಳಗುತ್ತಿತ್ತು. ಕೆಂಪೆಂದರೆ ಆಗ ತಾನೆ ಚೀಲ ಬಿಚ್ಚಿದ ಮೆಣಸಿನಕಾಯಿಯ ಕೆಂಪು. ಹಸಿರೆಂದರೆ ಮಳೆಯಾದ ಮರುದಿನದ ಹಸಿರು. ದಾಳ ಮುಟ್ಟಿದರೆ ಗರಗರ ತಿರುಗಿ, ಕಟ್ಟಿಗೆಯ ಮಣೆಯ ಮೇಲೆ ಬಿದ್ದ ಹಾಗೆ ಖಟ್ಟೆಂದು ನಿಲ್ಲುತ್ತಿತ್ತು. ಕಾಯಿ ಒಂದೊಂದು ಮನೆ ದಾಟುವಾಗ ಗುಬ್ಬಿ ಕುಪ್ಪಳಿಸಿದಂತೆ ಸಪ್ಪಳ. ಕಾಯಿ ಹಣ್ಣಾಗಿ ನಡುಮನೆ ಸೇರಿದರೆ ಮೇಲಿನಿಂದ ಬಣ್ಣಬಣ್ಣದ ಚೂರು ಉದುರುತ್ತಿದ್ದವು. ಕೈ ಉರಿಯುವುದಿಲ್ಲ, ಸೀನು ಬರುವುದಿಲ್ಲ, ಯಾರೂ ತುಳಿಯುವುದಿಲ್ಲ. ಸೋತವರನ್ನು ಅದು ಅಣಕಿಸುವುದೂ ಇಲ್ಲ, ಸುಮ್ಮನೆ ಇನ್ನೊಂದು ಆಟ ಮುಂದೆ ಹಾಸಿಕೊಡುತ್ತದೆ. ಹುಟ್ಟಿದಾಗಿನಿಂದ ಅವಳಿಗೆ ಇಷ್ಟು ಮರ್ಯಾದೆ ಕೊಟ್ಟ ವಸ್ತು ಇನ್ನೊಂದಿರಲಿಲ್ಲ.

ಮೊದಮೊದಲು ಯಾರ್‍ಯಾರೋ ಪರಸ್ಥಳದವರ ಸಂಗಡ ಆಡಿದಳು. ಒಬ್ಬನ ಮುಖದ ಜಾಗದಲ್ಲಿ ಕುದುರೆ ಇರುತ್ತಿತ್ತು, ಇನ್ನೊಬ್ಬಳ ಜಾಗದಲ್ಲಿ ಗುಲಾಬಿ. ಆಟ ಶುರುವಾಗುವ ಮುಂಚೆ ಕುಲ್ಸುಮಬಿ ಫೋನಿಗೆ ಸಣ್ಣಗೆ ತಲೆಬಾಗಿ ಸಲಾಮ್ ಹೇಳುವಳು. ಮುತ್ತವ್ವ ಹೊಟ್ಟೆ ಹಿಡಿದುಕೊಂಡು ನಗುವಳು.

“ಅದಕ್ಕೇನ ಕೇಳತೈತೇನ ಬೇ? ಗಾಜದು!”

“ಗಾಜಿಗಲ್ಲವ್ವ. ಆ ಕಡೆ ಕುಂತಾರಲ್ಲ, ಅವರಿಗೆ. ಕಾಯಿ ನಡದೈತಿ ಅಂದ್ರ ನಡಸಿದ ಕೈ ಒಂದು ಇರಬೇಕಿಲ್ಲೊ?”

ಹೀಗೇ ನಡೆದಿರುವಾಗ ಹೋದ ವರ್ಷ ಮೊಹರಮ್ಮಿನ ನಂತರ ಒಂದು ಮಧ್ಯಾಹ್ನ, ಬುತ್ತಿ ಉಂಡು ಕೈ ತೊಳೆದು ಕೂತಾಗ, ಫೋನು ಗಂಟೆಯ ಸದ್ದು ಮಾಡಿತು. ಯಾರೋ ಆಟಕ್ಕೆ ಕರೆಯುತ್ತಿದ್ದರು. ಕುದುರೆಯಲ್ಲ, ಗುಲಾಬಿಯಲ್ಲ, ಅದು ಬಿಸ್ಮಿಲ್ಲಾಬಿಯ ಮುಖ. ಅವಳ ಒಡಹುಟ್ಟಿದ ಅಕ್ಕ, ಅವಳ ಆಪಾ. ಏಳು ವರ್ಷದಿಂದ ಮಾತಿಲ್ಲದ ಆಪಾ.

ಮಾತು ಬಿಟ್ಟದ್ದು ದಿಲನಾಜಳ ಮದುವೆಯಿಂದ. ದಿಲನಾಜ ತೊಟ್ಟಿಲಲ್ಲಿದ್ದಾಗಲೇ ಆಪಾ ತನ್ನ ಮಗ ಜಹೀರನಿಗೆಂದು ಅವಳ ಬಾಯಿಗೆ ಸಕ್ಕರೆ ಹಾಕಿದ್ದಳು. ಅಕ್ಕ-ತಂಗಿಯರ ನಡುವಿನ ಮಾತೆಂದರೆ ಕಲ್ಲಿನ ಮೇಲೆ ಬರೆದ ಹಾಗೆ. ಆದರೆ ಹುಡುಗಿ ಬೆಳೆದು, “ಜಹೀರಭಾಯಿ ಅಂತ ಕರಕೋತ ಬೆಳದೇನಿ, ನಂಗ ಆಗೂದಿಲ್ಲ ಅಮ್ಮೀ” ಎಂದು ಮೂರು ದಿನ ಊಟ ಬಿಟ್ಟಳು. ಕುಲ್ಸುಮಬಿ ಮಗಳ ಕಡೆ ನಿಂತಳು. ಆಪಾ ರಾಣೆಬೆನ್ನೂರಿನಿಂದ ಬಂದು, ಹೊಸ್ತಿಲ ಹೊರಗೇ ನಿಂತು, “ಇವತ್ತಿನಿಂದ ನಿನ್ನ ಮನಿ ನೀರು ನನಗ ಹರಾಮ್. ನೀನೂ ನನ್ನ ಬಾಗಲಕ್ಕ ಬರಬ್ಯಾಡ” ಎಂದವಳು ಬಂದ ಬಸ್ಸಿಗೇ ತಿರುಗಿ ಹೋದಳು. ಆಮೇಲೆ ಜಹೀರನಿಗೆ ತಸ್ಲೀಮ್ ಎಂಬ ಒಳ್ಳೆಯ ಹುಡುಗಿ ಸಿಕ್ಕಳು, ಎರಡು ಮಕ್ಕಳಾದವು. ದಿಲನಾಜ ಮತ್ತು ತಸ್ಲೀಮ್ ಒಳಗೊಳಗೆ ಫೋನಿನಲ್ಲಿ ಮಾತಾಡುವಷ್ಟು ಗೆಳತಿಯರೂ ಆದರು. ಮುರಿದದ್ದು ಅಕ್ಕ-ತಂಗಿಯರ ನಡುವಿನದೊಂದೇ. ದೊಡ್ಡವಳು ತಾನಾಗಿ ಕರೆಯಬಾರದು, ಚಿಕ್ಕವಳು ಬರಬೇಡ ಅನ್ನಿಸಿಕೊಂಡವಳು. ಇಬ್ಬರೂ ಬಾಗಿಲಿನ ಎರಡು ಕಡೆ ನಿಂತಂತೆ ನಿಂತೇ ಬಿಟ್ಟರು.

ಕುಲ್ಸುಮಬಿ ಆ ಸಣ್ಣ ಮುಖವನ್ನು ನೋಡಿದಳು. ಕೆನ್ನೆ ಇಳಿದಿತ್ತು. ಮೂಗಿನ ನತ್ತು ಅದೇ. ಉಂಗುರದ ಬೆರಳಿನಿಂದ ಹಸಿರು ಗುಂಡಿ ಒತ್ತಿದಳು.

ಸಣ್ಣವರಿದ್ದಾಗ ಆಪಾ ಹೊಡೆಯುವುದರಲ್ಲಿ ರಾಕ್ಷಸಿ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ. ಆಪಾ ಒಂದಲ್ಲ, ನಾಲ್ಕನ್ನೂ ಹೊಡೆದು, ತೊಡೆ ತಟ್ಟಿ, ಕೋಳಿಯ ಹಾಗೆ ಕೂಗಿ ತಂಗಿಯನ್ನು ಅಳಿಸಿ ಆಮೇಲೆ ಒಳಗೆ ಹೋಗುವವಳು. ಅದಕ್ಕೇ ಆ ದಿನ ಕುಲ್ಸುಮಬಿ ಹೊಡೆಸಿಕೊಳ್ಳಲು ತಯಾರಾಗಿಯೇ ಕೂತಿದ್ದಳು. ಆಪಾಳ ಹಳದಿ ಕಾಯಿಯ ಮುಂದೆ ಮೂರು ಮನೆಯಾಚೆ ಇವಳ ಹಸಿರು ಕಾಯಿ. ಆಪಾಗೆ ದಾಳ ಬಿತ್ತು, ಮೂರು. ಹಳದಿ ಕಾಯಿ ಹೊರಡಲಿಲ್ಲ. ಬಹಳ ಹೊತ್ತು ಸುಮ್ಮನಿತ್ತು. ಕಡೆಗೆ ಹಿಂದೆ ಉಳಿದಿದ್ದ ಬೇರೊಂದು ಕಾಯಿ, ನಡೆಸುವ ಅಗತ್ಯವೇ ಇರದಿದ್ದ ಕಾಯಿ, ಮೂರು ಮನೆ ನಡೆಯಿತು.

ತಪ್ಪಿ ಒತ್ತಿರಬೇಕು ಅಂದುಕೊಂಡಳು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಹತ್ತು ಸಲ ಹೊಡೆಯಲು ಸಿಕ್ಕರೂ ಹತ್ತು ಸಲವೂ ಆಪಾ ಬಳಸಿ ಹೋದಳು. ನಾಲ್ಕನೆಯ ದಿನ ಕುಲ್ಸುಮಬಿಗೆ ಹೊಡೆಯಲು ಸಿಕ್ಕಿತು. ಅವಳೂ ಹೊಡೆಯಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನದ ನಮಾಜಿನ ನಂತರ ಒಂದು ಆಟ. ಆ ಆಟದಲ್ಲಿ ಬರೆದು ಕಳಿಸಬಹುದಾಗಿತ್ತು, ನಗುವ ಅಳುವ ಮುಖ ಕಳಿಸಬಹುದಾಗಿತ್ತು. ಇಬ್ಬರೂ ಏನೂ ಕಳಿಸಲಿಲ್ಲ. ಕಾಯಿಗಳು ಒಂದರ ಪಕ್ಕ ಒಂದು ಹಾಯ್ದು ಹೋಗುತ್ತಿದ್ದವು, ಅಷ್ಟೇ.

ಮುತ್ತವ್ವನಿಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. “ಇದೆಂಥಾ ಆಟ ಬೇ? ಹೊಡಿಯಂಗಿಲ್ಲ, ಬಡಿಯಂಗಿಲ್ಲ. ಎರಡು ಮುದಿ ಎತ್ತು ಹಳ್ಳಕ್ಕ ನೀರು ಕುಡ್ಯಾಕ ಹೊಂಟಂಗ ಐತಿ.”

“ಹೊಡಿಲಿಲ್ಲ ನೋಡು ಇವತ್ತೂ,” ಎಂದಷ್ಟೇ ಹೇಳಿ ಕುಲ್ಸುಮಬಿ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವಳು. ಆ ಮಧ್ಯಾಹ್ನಗಳಲ್ಲಿ ಅವಳ ಮುಖ ನೋಡಿದವರಿಗೆ, ಈ ಹೆಂಗಸು ಈಗ ತಾನೆ ಯಾರ ಜೊತೆಗೋ ಬಾಯ್ತುಂಬ ಮಾತಾಡಿ ಬಂದಿದ್ದಾಳೆ ಅನ್ನಿಸುತ್ತಿತ್ತು.

ಹೀಗೆ ಆರು ತಿಂಗಳು. ಫೆಬ್ರುವರಿಯಲ್ಲಿ ಮಾರ್ಕೆಟ್ಟಿಗೆ ಮಾಲು ಸುರಿಯತೊಡಗಿದಾಗ ಕುಲ್ಸುಮಬಿ ಒಂದು ನಿರ್ಧಾರಕ್ಕೆ ಬಂದಳು. ತಾನು ಚಿಕ್ಕವಳು, ತಾನೇ ಹೋಗಬೇಕು. ಮಾತಾಡಬೇಕು. ಬರಬೇಡ ಅಂದದ್ದು ಬಾಯಿ, ಬಾ ಅನ್ನುತ್ತಿರುವುದು ಕೈ. ಬಾಯಿಗಿಂತ ಕೈಯನ್ನು ನಂಬಬೇಕು. ಶುಕ್ರವಾರ ಅಂತ ಗೊತ್ತುಮಾಡಿ, ಮಗಳಿಗೆ ಫೋನು ಹಚ್ಚಿದಳು.

“ದಿಲ್ಲೂ, ತಸ್ಲೀಮಗ ಹೇಳಿಬಿಡು. ನಾ ಶುಕ್ರವಾರ ಬರ್ತೇನಿ. ಆಪಾಗ ಒಮ್ಮಿಗೇ ಎದಿ ಒಡದಂಗ ಆಗಬಾರದು, ಮೊದ್ಲ ಕಿವಿಮ್ಯಾಲೆ ಹಾಕಲಿ.”

“ಹೇಳ್ತೇನಿ ಅಮ್ಮೀ,” ಅಂದಳು ದಿಲನಾಜ. ಏಳು ವರ್ಷ ಆ ಹುಡುಗಿಯೂ ತನ್ನ ಮದುವೆಯನ್ನು ಒಂದು ತಪ್ಪಿನ ಹಾಗೆ ಹೊತ್ತು ತಿರುಗಿದ್ದಳು.

ಬುಧವಾರ ಕುಲ್ಸುಮಬಿ ತನ್ನ ರಾಶಿಯಲ್ಲಿ ಒಳ್ಳೆಯ ಕಡ್ಡಿ ಮೆಣಸಿನಕಾಯಿ ಆರಿಸಿ ಎತ್ತಿಟ್ಟಳು. ಒಂದರ ಮೇಲೂ ಬಿಳಿ ಮಚ್ಚೆಯಿಲ್ಲ. ಮೊದಲೆಲ್ಲ ಆಪಾಳ ಮನೆಗೆ ವರ್ಷದ ಖಾರ ಇವಳ ಕೈಯಿಂದಲೇ ಹೋಗುತ್ತಿತ್ತು.

ಗುರುವಾರ ಬಂತು. ಸಂತೆಯ ದಿನ, ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ವಖಾರದಲ್ಲಿ ಹೊಸ ಚೀಲ ಬಿಚ್ಚಿ ಎಲ್ಲರೂ ಸೀನುತ್ತಿದ್ದರು. ಒಂದೂವರೆಗೆ ಕುಲ್ಸುಮಬಿ ಬುತ್ತಿ ಮುಗಿಸಿ ಗೋಡೆಗೆ ಒರಗಿ ಕೂತಳು. ಆಪಾಳ ಆಟದ ಕರೆ ಬಂತು. ಒತ್ತಿದಳು. ನಾಳೆ ಇಷ್ಟು ಹೊತ್ತಿಗೆ ಎದುರಿಗೇ ಕೂತಿರುತ್ತೇನೆ ಎಂದುಕೊಂಡಳು. ಐದಾರು ಸುತ್ತು ಎಂದಿನಂತೆ ನಡೆಯಿತು. ಆಪಾ ಎಂದಿನಂತೆ ತಡಮಾಡಿ, ಯೋಚಿಸಿ, ಬಳಸಿ ನಡೆಸುತ್ತಿದ್ದಳು.

ಆಮೇಲೆ ಒಂದು ಸಲ ಬಹಳ ಹೊತ್ತು ಹಳದಿ ಕಾಯಿ ಅಲ್ಲಾಡಲಿಲ್ಲ. ಆಪಾಳ ಮುಖದ ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಮೂಡಿದ್ದನ್ನು ಕುಲ್ಸುಮಬಿ ನೋಡಿದಳು. ಈ ಫೋನಿನಲ್ಲಿ ಏನೇನೋ ಜಾಹೀರಾತು ಬಂದು ಹೋಗುತ್ತವೆ, ಅಂಥದ್ದೇ ಇನ್ನೊಂದು ಅಂದುಕೊಂಡಳು. ಅಷ್ಟರಲ್ಲಿ ದಾಳ ತಿರುಗಿತು. ನಾಲ್ಕು. ಹಳದಿ ಕಾಯಿ ಟಕಟಕ ಹಾರಿ ಬಂದು ಅವಳ ಹಸಿರು ಕಾಯಿಯನ್ನು ಹೊಡೆಯಿತು.

ಕುಲ್ಸುಮಬಿ ಗಾಜನ್ನು ಸೆರಗಿನಿಂದ ಒರೆಸಿದಳು, ಕಣ್ಣು ಮಂಜಾಗಿದೆಯೇನೋ ಎಂಬಂತೆ. ಹೊಡೆಸಿಕೊಂಡ ಕಾಯಿ ಹಿಂದೆ ಹಿಂದೆ ಓಡಿ ತನ್ನ ಮೂಲೆ ಸೇರಿಬಿಟ್ಟಿತ್ತು.

“ಬೆರಳ ತಪ್ಪಿರಬೇಕು,” ಎಂದು ತನಗೆ ತಾನೇ ಹೇಳಿಕೊಂಡು ಮುಂದೆ ನಡೆಸಿದಳು. ಎರಡು ಸುತ್ತಿನ ನಂತರ ಇನ್ನೊಂದನ್ನು ಹೊಡೆಯಿತು. ಈಗ ತಡವಿಲ್ಲ, ಯೋಚನೆಯಿಲ್ಲ. ದಾಳ ನಿಂತ ಕೂಡಲೇ ಕಾಯಿ ಏಳುತ್ತಿತ್ತು, ಸಿಟ್ಟು ಬಂದವರು ಪಾತ್ರೆ ಎತ್ತಿ ಕುಕ್ಕಿದ ಹಾಗೆ. ಮೂರನೆಯ ಕಾಯಿ ಹಣ್ಣಾಗುವ ದಾರಿಗೆ ಇನ್ನೊಂದೇ ಮನೆ ಇತ್ತು. ಅದನ್ನೂ ಹೊಡೆಯಿತು.

“ಯಾಕ ಬೇ, ಮುಖ ಯಾಕ ಹಂಗಾತು?” ಮುತ್ತವ್ವ ಬಗ್ಗಿ ನೋಡಿದಳು.

“ಜವಾಬು ಬಂತವ್ವ.”

“ಯಾತರ ಜವಾಬು?”

“ನಾಳೆ ಬರ್ತೇನಿ ಅಂತ ಹೇಳಿ ಕಳಿಸಿದ್ನಲ್ಲ, ಅದರ ಜವಾಬು. ಬರಬ್ಯಾಡ ಅಂತ.”

“ಏ, ಹುಚ್ಚಿ ಅದೀಯೇನ! ಆಟದಾಗ ಕಾಯಿ ಹೊಡದ್ರ ಜವಾಬು ಹೆಂಗಾಗತೈತಿ? ಫೋನ್ ಹಚ್ಚಿ ಕೇಳಲ್ಲ.”

“ಆರ ತಿಂಗಳು ಹೊಡಿಲಾರದಾಕಿ ಇವತ್ತ ಯಾಕ ಹೊಡದ್ಲು? ನಿನಗ ತಿಳಿಯೂದಿಲ್ಲ ಬಿಡು. ನಮ್ಮ ಮಾತು ಇದರಾಗ ಇತ್ತು.”

ಆ ಮಾತು ಅವಳಿಗೆ ಎಷ್ಟು ಖಚಿತವಾಗಿತ್ತೆಂದರೆ, ಮುತ್ತವ್ವ ತನ್ನ ರಾಶಿಯ ಕಡೆ ತಿರುಗಿದಳು. ಕುಲ್ಸುಮಬಿ ಆಟವನ್ನು ಅರ್ಧಕ್ಕೇ ಬಿಟ್ಟು, ಫೋನು ಬಂದ್ ಮಾಡಿದಳು. ಮನೆಗೆ ಹೋಗಿ ಅದನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು. ಶುಕ್ರವಾರ ಬೆಳಿಗ್ಗೆ ಹತ್ತೂ ಬೆರಳು ಬಿಚ್ಚಿಕೊಂಡು ವಖಾರಕ್ಕೆ ಬಂದು ಕೂತಳು.

ಭಾನುವಾರ ಮಧ್ಯಾಹ್ನ ದಿಲನಾಜ ಕಂಕುಳಲ್ಲಿ ಕೂಸು ಎತ್ತಿಕೊಂಡು ಹಾವೇರಿ ಬಸ್ಸಿನಿಂದ ಇಳಿದು ಓಡೋಡಿ ಬಂದಳು. ಮನೆಯೊಳಗೆ ಕಾಲಿಡುತ್ತಲೇ ಅತ್ತಳು.

“ಫೋನ್ ಯಾಕ ಬಂದ್ ಮಾಡೀದಿ ಅಮ್ಮೀ? ಬಿಸ್ಮಿಲ್ಲಾ ಖಾಲಾಗ ಲಕ್ವಾ ಹೊಡದೈತಿ. ಹಾವೇರಿ ದವಾಖಾನ್ಯಾಗ ಅದಾರ. ಮೂರು ದಿನ ಆತು. ಯಾರಿಗೂ ಹೇಳಬ್ಯಾಡ ಅಂದಿದ್ದನಂತ ಜಹೀರಭಾಯಿ. ಇವತ್ತ ತಸ್ಲೀಮ್ ತಡಿಲಾರದ ನಂಗ ಫೋನ್ ಮಾಡಿದ್ಲು.”

ಮೆಹಬೂಬ ಎದ್ದು ಅಂಗಿ ಹಾಕಿಕೊಂಡ. ಬಸ್ಸಿನಲ್ಲಿ ಕುಲ್ಸುಮಬಿ ಕಿಟಕಿಗೆ ಒರಗಿ ಕೂತಳು. ಸಿಟ್ಟಿಗೇ ಹಾಗಾಗಿರಬೇಕು, ಗುರುವಾರದ ಸಿಟ್ಟೇ ತಲೆಗೇರಿರಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ತಾನು ಬರುತ್ತೇನೆಂದು ಹೇಳಿ ಕಳಿಸಿದ್ದೇ ಆಪಾಳ ರಕ್ತ ಕುದಿಸಿತು ಎಂದು.

ಅದು ಊರಿನ ನಡುವಿನ ಸಣ್ಣ ಖಾಸಗಿ ದವಾಖಾನೆ. ಆಪಾ ಮೂಲೆಯ ಮಂಚದಲ್ಲಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಬೇರೆಯವರದೇನೋ ಎಂಬಂತೆ ಪಕ್ಕದಲ್ಲಿ ಬಿದ್ದಿತ್ತು. ಕಣ್ಣು ತೆರೆದೇ ಇತ್ತು, ಆದರೆ ಯಾರ ಮೇಲೂ ನಿಲ್ಲುತ್ತಿರಲಿಲ್ಲ.

“ಆಪಾ,” ಅಂದಳು ಕುಲ್ಸುಮಬಿ. ಏಳು ವರ್ಷದ ನಂತರದ ಮೊದಲ ಮಾತು. ಆಪಾಳ ಕಣ್ಣು ಚಾವಣಿಯ ಕಡೆ ಇತ್ತು, ಅಲ್ಲೇ ಇತ್ತು.

ಜಹೀರ ಎದ್ದು ಹೊರಗೆ ಹೋದ. ತಸ್ಲೀಮ್ ಸ್ಟೂಲು ಸರಿಸಿ, “ಕುಂದ್ರಿ ಖಾಲಾ,” ಅಂದಳು. ಅವಳ ಮುಖ ಮೂರು ದಿನ ನಿದ್ದೆ ಕಾಣದ್ದು.

ಕುಲ್ಸುಮಬಿ ಕೂತು ಕೇಳಿದಳು: “ಖರೇ ಹೇಳವಾ ತಸ್ಲೀಮ್. ಗುರುವಾರ ಆಪಾ ನನ್ನ ಮ್ಯಾಲೆ ಅಷ್ಟ್ಯಾಕ ಸಿಟ್ಟಾಗಿದ್ಲು?”

“ಸಿಟ್ಟ? ಏನಂತೀರಿ ಖಾಲಾ. ಬೆಳಿಗ್ಗಿಂದ ಹಬ್ಬ ಇದ್ದಂಗ ಇದ್ರು. ನಾಳೆ ಕುಲ್ಸುಮ ಬರತಾಳ ಅಂತ ಅಕ್ಕಿ ತಾವ ಆರಿಸಿ ಇಟ್ರು. ನನ್ನ ಕೈಗೆ ಕೊಡಲಿಲ್ಲ, ನಿಂಗ ಹಳ್ಳು ಕಾಣೂದಿಲ್ಲ ಅಂದ್ರು.”

“ಮತ್ತ ಮೂರು ಕಾಯಿ ಹೊಡದ್ಲಲ್ಲ?”

“ಯಾವಾಗ?”

“ಗುರುವಾರನ. ಊಟ ಆದಮ್ಯಾಲೆ. ಎರಡು ಗಂಟೆ ಸುಮಾರ.”

ತಸ್ಲೀಮ್ ಕೈಯಲ್ಲಿದ್ದ ನೀರಿನ ಲೋಟವನ್ನು ಕಿಟಕಿಯಲ್ಲಿಟ್ಟು, ನೆಲದ ಮೇಲೇ ಕೂತುಬಿಟ್ಟಳು. “ಎರಡು ಗಂಟೆಕ್ಕ ಅವರು ಆಡಿಲ್ಲ ಖಾಲಾ. ನಾಕರ ನಮಾಜಿಗೆ ಎಬ್ಬಸಾಕ ಹೋದಾಗ ನಾ ನೋಡೀನಿ. ಗ್ವಾಡಿಗೆ ವಾಲಿ ಬಿದ್ದಿದ್ರು. ಫೋನ್ ತೊಡಿಮ್ಯಾಲೆ ಇತ್ತು. ಬಿದ್ದು ಎರಡು ತಾಸಾದ್ರೂ ಆಗೇತಿ ಅಂದ್ರು ಡಾಕ್ಟರ್.”

“ಹಂಗಂದ್ರ ನನ್ನ ಕಾಯಿ ಯಾರು ಹೊಡದ್ರು?”

ಬಾಗಿಲಲ್ಲಿ ನಿಂತಿದ್ದ ದಿಲನಾಜ ಬಾಯಿಗೆ ಸೆರಗು ಹಿಡಿದಳು. ತಾಯಿಗೆ ಇದನ್ನು ಅವಳೇ ಹೇಳಿಕೊಡಬೇಕಿತ್ತು, ಹೇಳುವಂಥ ದೊಡ್ಡ ಮಾತೆಂದು ಅವಳಿಗೆ ಎಂದೂ ತೋರಿರಲಿಲ್ಲ. “ಅಮ್ಮೀ, ಆ ಆಟ ಹಂಗನ ಐತಿ. ಒಬ್ರು ಸ್ವಲ್ಪ ಹೊತ್ತು ಕೈ ಹಚ್ಚಲಿಲ್ಲ ಅಂದ್ರ, ಮುಖದ ಬಾಜೂಕ ಇಂಗ್ಲಿಷಿನ್ಯಾಗ ಹಂಗಂತ ತೋರಿಸಿ, ಅವರ ಬದಲಿ ಫೋನ್ ತಾನ ಆಡತೈತಿ. ಎದರಿನವರಿಗೆ ಬ್ಯಾಸರ ಆಗಬಾರದು ಅಂತ. ಅದಕ್ಕ ಅಕ್ಕ ಗೊತ್ತಿಲ್ಲ, ತಂಗಿ ಗೊತ್ತಿಲ್ಲ. ಹೊಡಿಯಾಕ ಸಿಕ್ರ ಹೊಡಿತೈತಿ.”

ಕುಲ್ಸುಮಬಿ ಆ ಮಾತನ್ನು ನಿಧಾನಕ್ಕೆ ಅಗಿದಳು. ಮೊದಲ ಕಾಯಿ ಹೊಡೆದಾಗ ಆಪಾ ಗೋಡೆಗೆ ವಾಲಿದ್ದಳು. ಎರಡನೆಯದು ಹೊಡೆದಾಗಲೂ. ಜಗತ್ತಿನಲ್ಲಿ ಆ ಹೊತ್ತು ಆಪಾಳ ಕೈ ನಿಂತದ್ದನ್ನು ಕಣ್ಣಾರೆ ಕಂಡವಳು ತಾನೊಬ್ಬಳೇ. ತಡಮಾಡುವ ಆಪಾ ತಡಮಾಡದಿದ್ದಾಗ, ಹೊಡೆಯದ ಆಪಾ ಹೊಡೆದಾಗ, ಇದು ಅವಳಲ್ಲ ಎಂದು ತಿಳಿಯಬೇಕಾದವಳೂ ತಾನೇ. ಮುತ್ತವ್ವ ಹೇಳಿದ್ದಳು, ಫೋನ್ ಹಚ್ಚಿ ಕೇಳು ಎಂದು.

ಜಹೀರ ಯಾವಾಗಲೋ ಒಳಗೆ ಬಂದು ನಿಂತಿದ್ದ. ಬಟ್ಟೆ ಅಂಗಡಿ ಇಟ್ಟುಕೊಂಡ ಗಟ್ಟಿ ಆಳು, ಈಗ ಮೂರು ದಿನದ ಗಡ್ಡ. ಚಿಕ್ಕಮ್ಮನ ಮುಖ ನೋಡದೆ ಗೋಡೆಗೆ ಹೇಳಿದಂತೆ ಹೇಳಿದ: “ನಾನು ಊಟಕ್ಕ ಬಂದಿದ್ದೆ ಆವತ್ತು. ಹೊರಗಿನ ಖೋಲ್ಯಾಗ ಉಣ್ಣಾಕತ್ತಿದ್ದೆ. ಒಳಗಿಂದ ದಾಳ ತಿರಗೂ ಸಪ್ಪಳ ಬರತಿತ್ತು. ಕಾಯಿ ನಡಿಯೂ ಸಪ್ಪಳ ಬರತಿತ್ತು. ‘ನಿಮ್ಮತ್ತಿ ಇವತ್ತ ಭಾಳ ಜೋರ್ ಆಡಾಕತ್ತಾಳ’ ಅಂತ ಇಕಿ ಮುಂದ ನಕ್ಕೇನಿ. ಉಂಡು, ಕೈ ತೊಳಕೊಂಡು, ಅಂಗಡಿಗೆ ಹೋದೆ.”

ಜಾರಿದ ಹೊದಿಕೆಯನ್ನು ಅವನು ತಾಯಿಯ ಕಾಲಿನ ಮೇಲೆ ಎಳೆದ.

“ನಿಮಗ ಹೇಳಬ್ಯಾಡ ಅಂದಾಂವ ನಾನ ಖಾಲಾ,” ಅಂದ ಅವನು. “ಶುಕ್ರವಾರ ಬರ್ತೇನಿ ಅಂದಾಕಿ ಬರಲಿಲ್ಲಲ್ಲ ಅಂತ ಸಿಟ್ಟಿತ್ತು. ಶುಕ್ರವಾರ, ಶನಿವಾರ ಅಮ್ಮಿಗೆ ಒಂದೀಟ ಮಾತ ಇತ್ತು. ತೊದಲತಿದ್ಲು, ಆದ್ರ ತಿಳಿತಿತ್ತು. ನಿನ್ನಿ ರಾತ್ರಿ ಮತ್ತೊಮ್ಮೆ ಹೊಡೀತು. ಈಗ ಇಲ್ಲ.”

“ಏನಂತಿದ್ಲು?”

ಜಹೀರ ಹೆಂಡತಿಯ ಕಡೆ ನೋಡಿದ. ತಸ್ಲೀಮ್ ತಲೆ ತಗ್ಗಿಸಿದಳು. “‘ಬಂದ್ಲೇನು’ ಅಂತಿದ್ರು ಖಾಲಾ. ಬಾಗಲದ ಕಡೆ ನೋಡೂದು, ‘ಬಂದ್ಲೇನು’ ಅನ್ನೂದು. ಅಷ್ಟ.”

ಮೆಹಬೂಬ ಹೆಂಡತಿಯ ಭುಜದ ಮೇಲೆ ಕೈಯಿಟ್ಟ. ಅವಳು ಅಳಲಿಲ್ಲ. ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆದಳು, ಮತ್ತೆ ತೊಳೆದಳು, ಒರೆಸಿಕೊಂಡು ಮತ್ತೆ ತೊಳೆದಳು. ಒಳಗೆ ಬಂದು ಆಪಾಳ ಜೀವವಿಲ್ಲದ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸಂಜೆಯ ತನಕ ಕೂತಳು.

ಹದಿನೈದು ದಿನಕ್ಕೆ ಆಪಾಳನ್ನು ರಾಣೆಬೆನ್ನೂರಿನ ಮನೆಗೆ ಕರೆದೊಯ್ದರು. ಇದಕ್ಕಿಂತ ಹೆಚ್ಚು ಸುಧಾರಿಸುವುದು ಕಷ್ಟ ಎಂದಿದ್ದರು ಡಾಕ್ಟರು. ಕುಲ್ಸುಮಬಿ ಪ್ರತಿ ಮಂಗಳವಾರ ವಖಾರದ ಕೆಲಸ ಮಧ್ಯಾಹ್ನಕ್ಕೆ ಬಿಟ್ಟು, ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಹೋಗತೊಡಗಿದಳು. ಬಾಗಿಲಲ್ಲಿ ತಡೆಯುವವರು ಯಾರೂ ಇರಲಿಲ್ಲ. ಆಪಾಳ ತಲೆ ಬಾಚುವಳು, ಗಂಜಿ ಕುಡಿಸುವಳು, ಮಾತಾಡುವಳು. ಏಳು ವರ್ಷದಲ್ಲಿ ಆಗಿಹೋದದ್ದನ್ನೆಲ್ಲ ಒಂದೊಂದಾಗಿ ಹೇಳುವಳು: ದಿಲನಾಜಳ ಮೊದಲ ಹೆರಿಗೆ ಎಷ್ಟು ಕಷ್ಟವಾಯಿತು, ಹೊಸರಿತ್ತಿಯ ತವರುಮನೆಯ ಜಗಲಿ ಹೇಗೆ ಕುಸಿಯಿತು, ಒಂದೇ ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಆಪಾಳನ್ನು ದೂರದಿಂದ ಕಂಡು ಕಂಬದ ಹಿಂದೆ ಅಡಗಿದ್ದು. ನಡುನಡುವೆ ನಿಲ್ಲುವಳು, ಆ ಕಡೆಯಿಂದ ಹ್ಞೂಂ ಅನ್ನಲು ಜಾಗ ಬಿಟ್ಟ ಹಾಗೆ. ಹ್ಞೂಂ ಬರುತ್ತಿರಲಿಲ್ಲ.

ಒಂದು ಮಂಗಳವಾರ, ಗುರುವಾರದ ಆ ಕಥೆಯನ್ನು ಹೇಳಿದಳು. “ನೀ ಹೊಡದಿ ಅಂತ ತಿಳ್ಕೊಂಡ್ನಿ ಆಪಾ. ನಿನ್ನ ಕೈ ನನಗ ಗುರ್ತ ಸಿಗಲಿಲ್ಲ.” ಹಾಗೆ ಹೇಳುತ್ತಿರುವಾಗ ಆಪಾಳ ಎಡಗಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು.

“ತಸ್ಲೀಮ್! ತಸ್ಲೀಮ್, ಬಾ ಇಲ್ಲಿ! ಕೇಳಿತು, ಆಪಾಗ ಕೇಳಿತು!”

ತಸ್ಲೀಮ್ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಗ್ಗಿ ನೋಡಿ, ತೋಳಿನಿಂದ ತನ್ನ ಕಣ್ಣೊರೆಸಿಕೊಂಡಳು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಖಾಲಾ, ನಾ ಹಿಂಗ ಅನ್ನಬಾರದು... ನೀವು ವಖಾರದಿಂದ ಸೀದಾ ಬಂದೀರಿ. ನಿಮ್ಮ ಸೀರ್‍ಯಾಗ ಘಾಟು ಭಾಳ ಐತಿ. ನನ್ನ ಕಣ್ಣಾಗೂ ನೀರು ಬರಾಕತ್ತೈತಿ ನೋಡ್ರಿ.”

ಕುಲ್ಸುಮಬಿ ತನ್ನ ಸೆರಗನ್ನು ಮೂಗಿಗೆ ಹಿಡಿದಳು. ಅವಳಿಗೆ ಯಾವ ಘಾಟೂ ಬರಲಿಲ್ಲ. ಹತ್ತೊಂಬತ್ತು ವರ್ಷವಾಗಿತ್ತು, ಬರುವ ಹಾಗೂ ಇರಲಿಲ್ಲ.

ಮುಂದಿನ ಮಂಗಳವಾರ ಅವಳು ವಖಾರಕ್ಕೆ ಹೋಗಲೇ ಇಲ್ಲ. ತಲೆಗೆ ಸೀಗೆಕಾಯಿ ಹಾಕಿ ಎರಡು ಸಲ ಮಿಂದಳು. ಪೆಟ್ಟಿಗೆಯ ತಳದಿಂದ ಬಿಳಿ ಹೂವಿನ ಸೀರೆ ತೆಗೆದು ಉಟ್ಟಳು. ಆಪಾಳ ಪಕ್ಕ ಕೂತು ಅದೇ ಮಾತನ್ನು ಮೊದಲಿನಿಂದ ಕೊನೆಯ ತನಕ ಹೇಳಿದಳು. ಹೇಳುತ್ತ ಆಪಾಳ ಕಣ್ಣನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಹೇಳಿದಳು. ಹೊರಗೆ ನಾಲ್ಕರ ಅಸರ್ ನಮಾಜಿನ ಕರೆಯಾಯಿತು. ಕಣ್ಣು ಒಣಗಿಯೇ ಇತ್ತು.

ಅದರ ಮುಂದಿನ ಮಂಗಳವಾರ ಮಾರ್ಕೆಟ್ಟಿನಲ್ಲಿ ಹೊಸ ಮಾಲು ಬಂದಿತ್ತು. ಬೆಳಿಗ್ಗೆಯಿಂದ ಮೂರು ಚೀಲ ಬಿಚ್ಚಿದ್ದರು. ಕುಲ್ಸುಮಬಿ ಬೇರೆ ದಿನಗಳಿಗಿಂತ ರಾಶಿಗೆ ಹತ್ತಿರವಾಗಿ ಕೂತು, ತಲೆಯೆತ್ತದೆ ತೊಟ್ಟು ಬಿಡಿಸಿದಳು. ಮಧ್ಯಾಹ್ನ ಎದ್ದು, ಕೈಯನ್ನಷ್ಟೇ ಮಜ್ಜಿಗೆಯಲ್ಲಿ ತೊಳೆದುಕೊಂಡು ಬಾಗಿಲ ಕಡೆ ನಡೆದಳು.

“ಸೀರಿ ಬದಲಸೂದಿಲ್ಲೇನ ಬೇ?” ಎಂದು ಮುತ್ತವ್ವ ಹಿಂದಿನಿಂದ ಕೇಳಿದಳು. “ಹೋದ ಸಲ ಹಾಲಿನಂಗ ಉಟಗೊಂಡು ಹೋಗಿದ್ದೀಯಂತ.”

“ಹೊತ್ತಾಗೇತವ್ವ,” ಅಂದಳು ಕುಲ್ಸುಮಬಿ. “ಬಸ್ ತಪ್ಪತೈತಿ.”

ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು.